ಮಲಗಿದರೆ ಜಾಸ್ತಿಯಾಗುವ ಬೆನ್ನುನೋವು: ಎಲ್ಲಿಂದ ಶುರು ಮಾಡಬೇಕು?

ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೆ ಸೊಂಟನೋವಿಗೆ ಎಚ್ಚರ ಆಗುತ್ತಾ ನಿಮಗೆ? ಮಗ್ಗುಲು ಬದಲಿಸಬೇಕಾದರೆ ಮಂಚದ ಅಂಚು ಹಿಡಿದು, ಮೊದಲು ಮೊಣಕಾಲು ಮಡಚಿ, ಆಮೇಲೆ ಇಡೀ ಮೈಯನ್ನು ಹಲಗೆ ಥರ ಒಂದೇ ಸಲ ಉರುಳಿಸಬೇಕಾ? ಎದ್ದು ಹಿತ್ತಲಲ್ಲಿ ನಾಲ್ಕು ಸುತ್ತು ಹಾಕಿ, ಹಂಡೆಯ ಬಿಸಿನೀರು ಸೊಂಟಕ್ಕೆ ಹುಯ್ದುಕೊಂಡ ಮೇಲೆ, ಒಂಬತ್ತು ಗಂಟೆ ಹೊತ್ತಿಗೆ ರಾತ್ರಿ ಒದ್ದಾಡಿದ್ದು ನಾನೇನಾ ಅನ್ನುವಷ್ಟು ಸಲೀಸಾಗುತ್ತಾ? ನೋವು ಶುರುವಾದಾಗ ವಯಸ್ಸು 45 ದಾಟಿರಲಿಲ್ಲ, ಈಗ ಮೂರು ತಿಂಗಳಿಗಿಂತ ಜಾಸ್ತಿ ಆಯಿತು ಅನ್ನುವುದಾದರೆ ಮುಂದೆ ಓದಿ.

ನನಗೆ ಶುರುವಾದಾಗ 24. ಊರು ಶ್ರೀನಿವಾಸಪುರದ ಕಡೆ, ಕೆಲಸ ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು. ದಿನಕ್ಕೆ ನೂರಾರು ಕ್ರೇಟ್ ಎತ್ತುವ ಹಮಾಲಿಗಳ ಬೆನ್ನು ನೆಟ್ಟಗಿತ್ತು, ಕುರ್ಚಿ ಮೇಲೆ ಕೂತ ನನ್ನ ಬೆನ್ನು ಹಿಡಿದುಕೊಂಡಿತು. ಕಾಯಿಲೆಯ ಹೆಸರು ಗೊತ್ತಾಗಲು ಆರು ವರ್ಷ ಹಿಡಿಯಿತು. ಒಬ್ಬರು ಡಾಕ್ಟರು ಡಿಸ್ಕ್ ಜಾರಿದೆ ಅಂದರು, ಬೆಲ್ಟ್ ಕೊಟ್ಟರು, ಆರು ವಾರ ಮಲಗಿ ಅಂದರು. ಅಮ್ಮನೂ ಅದನ್ನೇ ಹೇಳುತ್ತಿದ್ದಳು, "ಸುಮ್ನೆ ಮಲಕ್ಕೋ ಮಗಾ, ಏಳಬೇಡ." ಮಲಗಿದೆ. ಆರು ವಾರ ಮುಗಿಯುವಷ್ಟರಲ್ಲಿ ಚಡ್ಡಿ ಹಾಕಿಕೊಳ್ಳಲು ತಮ್ಮನನ್ನು ಕರೆಯುವ ಹಾಗಾಯಿತು.

ಈ ಕಾಯಿಲೆಯ ಹೆಸರು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ಇದಕ್ಕೆ ರೆಸ್ಟ್ ಆಗಿಬರುವುದಿಲ್ಲ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ

ನಮ್ಮ ಕಡೆ ಕುತ್ತಿಗೆ ಹಿಡಿದವರೆಲ್ಲ "ನಂಗೆ ಸ್ಪಾಂಡಿಲೈಟಿಸ್ ಇದೆ" ಅಂತಾರೆ. ಅದರಲ್ಲಿ ಮುಕ್ಕಾಲು ಪಾಲು ಸ್ಪಾಂಡಿಲೋಸಿಸ್, ಅಂದರೆ ವಯಸ್ಸಾದ ಹಾಗೆ ಬೆನ್ನುಮೂಳೆ ಸವೆಯುವುದು. ಅದು ಕೆಲಸ ಮಾಡಿದಾಗ ಜಾಸ್ತಿ ಆಗುತ್ತದೆ, ಮಲಗಿದರೆ ಕಡಿಮೆ ಆಗುತ್ತದೆ. ನಮ್ಮದು ಸರಿ ಉಲ್ಟಾ. ಮೂಳೆ ಸವೆದಿರುವುದಿಲ್ಲ. ರೋಗಾಣುಗಳ ಜೊತೆ ಹೋರಾಡಬೇಕಾದ ಮೈಯ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಸ್ನಾಯು ಮತ್ತು ಕೀಲನ್ನು ಹಿಡಿದಿಡುವ ಪಟ್ಟಿಗಳು (ಲಿಗಮೆಂಟ್) ಮೂಳೆಗೆ ಅಂಟುವ ಜಾಗದಲ್ಲಿ ಉರಿಯೂತ ಎಬ್ಬಿಸುತ್ತದೆ. ಸಾಮಾನ್ಯವಾಗಿ ಮೊದಲು ಕೆಡುವುದು ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಎರಡು ಕೀಲುಗಳು. ಡಾಕ್ಟರುಗಳು ಎಸ್‌ಐ ಜಾಯಿಂಟ್ ಅನ್ನುತ್ತಾರೆ. ಅದಕ್ಕೇ ನೋವು ಶುರುವಿನಲ್ಲಿ ಬೆನ್ನಿಗಿಂತ ಕುಂಡಿಯ ಒಳಗೆ, ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಲಕ್ಕೆ ಕಾಣಿಸಿಕೊಳ್ಳುತ್ತದೆ.

ಉರಿಯೂತ ವರ್ಷಗಟ್ಟಲೆ ಹಾಗೇ ಇದ್ದರೆ ಮೈ ಅದನ್ನು ರಿಪೇರಿ ಮಾಡಲು ಹೋಗಿ ಬೇಡದ ಕಡೆ ಮೂಳೆ ಬೆಳೆಸುತ್ತದೆ. ಒಂದು ಮಣಿಗೂ ಇನ್ನೊಂದಕ್ಕೂ ಸೇತುವೆ ಕಟ್ಟಿಕೊಂಡು, ಎಕ್ಸ್‌ರೇಯಲ್ಲಿ ಬೆನ್ನು ಗಿಣ್ಣು ಗಿಣ್ಣಾದ ಬಿದಿರಿನ ಹಾಗೆ ಕಾಣುತ್ತದೆ. ಹೆದರಬೇಡಿ, ಎಲ್ಲರಿಗೂ ಅಲ್ಲಿಯ ತನಕ ಹೋಗುವುದಿಲ್ಲ.

ಹೆಜ್ಜೆ 1: ಎರಡು ವಾರ ಗಡಿಯಾರ ನೋಡಿ ಬರೆಯಿರಿ

ಡಾಕ್ಟರ ಮುಂದೆ ಕೂತು "ತುಂಬಾ ನೋವು ಸಾರ್" ಅಂದರೆ ಪ್ರಯೋಜನ ಇಲ್ಲ. ಅವರ ಎದುರು ಬರುವ ಎಲ್ಲರೂ ಅದನ್ನೇ ಹೇಳುತ್ತಾರೆ. ನಾನೂ ಆರು ವರ್ಷ ಅದನ್ನೇ ಹೇಳಿದೆ. ಕೊನೆಗೆ ಒಬ್ಬರು ಡಾಕ್ಟರು ನೋವು ಎಲ್ಲಿ ಅಂತ ಕೇಳುವ ಬದಲು ಎಷ್ಟು ಗಂಟೆಗೆ ಅಂತ ಕೇಳಿದರು. ಅವತ್ತೇ ದಾರಿ ಸಿಕ್ಕಿದ್ದು.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಯಿತು, ಎದ್ದ ಮೇಲೆ ಮೈ ಬಿಗಿತ ಬಿಡಲು ಎಷ್ಟು ನಿಮಿಷ ಬೇಕಾಯಿತು (ಅರ್ಧ ಗಂಟೆ ದಾಟುತ್ತದಾ ಅನ್ನುವುದು ಮುಖ್ಯ), ಓಡಾಡಿದರೆ ಕಡಿಮೆ ಆಯಿತಾ, ಭಾನುವಾರ ಮಧ್ಯಾಹ್ನ ಊಟ ಮಾಡಿ ಎರಡು ಗಂಟೆ ಮಲಗೆದ್ದ ಮೇಲೆ ಹೇಗಿತ್ತು, ನೋವಿನ ಮಾತ್ರೆ ತಗೊಂಡರೆ ಒಂದೆರಡು ದಿನದಲ್ಲಿ ಬಿಟ್ಟಿತಾ. ಜೊತೆಗೆ ಬೆನ್ನಿಗೆ ಸಂಬಂಧವೇ ಇಲ್ಲ ಅನಿಸುವ ವಿಷಯಗಳನ್ನೂ ಬರೆಯಿರಿ: ಹಿಮ್ಮಡಿ ನೋವು, ಒಂದು ಕಣ್ಣು ಕೆಂಪಾಗಿದ್ದು, ಸೋರಿಯಾಸಿಸ್, ಪದೇ ಪದೇ ರಕ್ತ ಬೀಳುವ ಭೇದಿ, ಮನೆಯಲ್ಲಿ ಅಪ್ಪನಿಗೋ ಚಿಕ್ಕಪ್ಪನಿಗೋ ಬೆನ್ನು ಬಾಗಿದ್ದು. ಇವೆಲ್ಲ ಒಂದೇ ಕಾಯಿಲೆಯ ಬಂಧು ಬಳಗ.

ಹೆಂಗಸರಿಗೆ ಒಂದು ಮಾತು. ಇದು ಗಂಡಸರ ಕಾಯಿಲೆ ಅನ್ನುವ ಹಳೆಯ ನಂಬಿಕೆಯಿಂದ ನಿಮ್ಮ ನೋವಿನ ಹೆಸರು ಇನ್ನೂ ತಡವಾಗಿ ಗೊತ್ತಾಗುತ್ತದೆ. ನಮ್ಮ ಅತ್ತಿಗೆಗೆ ಸಿಸೇರಿಯನ್ ಆದ ಮೇಲೆ ಬೆನ್ನುನೋವು ಬಂತು, ಮನೆಯವರೆಲ್ಲ "ಬೆನ್ನಿಗೆ ಕೊಟ್ಟ ಸೂಜಿಯಿಂದ" ಅಂತ ತೀರ್ಮಾನ ಮಾಡಿಬಿಟ್ಟರು, ಅವರೂ ನಂಬಿಕೊಂಡು ನಾಲ್ಕು ವರ್ಷ ಸಹಿಸಿಕೊಂಡರು. ಮಗು ಏಳುವ ಮೊದಲೇ ಅವರನ್ನು ಬೆನ್ನು ಎಬ್ಬಿಸುತ್ತಿತ್ತು ಅನ್ನುವುದು ಯಾರ ಕಿವಿಗೂ ಬೀಳಲಿಲ್ಲ. ಅವರಿಗೂ ಇದೇ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು.

ಹೆಜ್ಜೆ 2: ನಮ್ಮ ಸೀಮೆಯ ಬೇರೆ ಮೂರು ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರು ಇದನ್ನು ಬಿಡಲೇಬಾರದು.

ಒಂದು, ಫ್ಲೋರೈಡ್. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಹೇಳಬೇಕಾಗಿಲ್ಲ. ಆಳದ ಬೋರ್‌ವೆಲ್ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಗೆ ಸೇರಿ, ಪಟ್ಟಿಗಳೂ ಗಟ್ಟಿಯಾಗಿ, ಬೆನ್ನು ನಮ್ಮ ಕಾಯಿಲೆಯ ಹಾಗೇ ಸೆಟೆದುಕೊಳ್ಳುತ್ತದೆ. ಡಾಕ್ಟರಿಗೂ ಮೊದಲ ನೋಟಕ್ಕೆ ಗೊಂದಲ ಆಗಬಹುದು. ಎಕ್ಸ್‌ರೇಯಲ್ಲಿ ಮೂಳೆ ಮಾಮೂಲಿಗಿಂತ ಬೆಳ್ಳಗೆ ದಟ್ಟವಾಗಿ ಕಾಣುವುದು, ಮುಂಗೈಯ ಎರಡು ಮೂಳೆಗಳ ಮಧ್ಯದ ಪೊರೆ ಗಟ್ಟಿಯಾಗಿರುವುದು, ಚಿಕ್ಕಂದಿನಿಂದ ಅದೇ ನೀರು ಕುಡಿದವರಾದರೆ ಹಲ್ಲಿನ ಮೇಲೆ ಕಂದು ಕಲೆ, ಇವು ಸುಳಿವು. ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದಾಗ 1.5ರ ತನಕ ಅಂತ ನಿಯಮ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಯಾವ ಊರಿನ ನೀರು ಎಷ್ಟು ವರ್ಷ ಕುಡಿದಿರಿ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ, ಬೆಂಗಳೂರಿನಲ್ಲಿ ಕೂತವರಿಗೆ ಕೇಳಬೇಕು ಅಂತ ಹೊಳೆಯದೆ ಇರಬಹುದು.

ಎರಡು, ಬ್ರೂಸೆಲ್ಲಾ ಜ್ವರ. ಹಸು, ಕುರಿ, ಮೇಕೆ ಇರುವ ಮನೆಯವರಿಗೆ ಇದು. ಕಂದು ಹಾಕಿದ (ಗರ್ಭಪಾತ ಆದ) ಹಸುವಿನ ಸತ್ತೆ (ಮಾಸು) ಬರಿಗೈಯಲ್ಲಿ ಎತ್ತುವುದು, ಕಾಯಿಸದ ಹಾಲು ಕುಡಿಯುವುದು, ಈ ದಾರಿಯಲ್ಲಿ ಬರುತ್ತದೆ. ಬಂದು ಹೋಗುವ ಜ್ವರ, ಬೆವರು, ಜೊತೆಗೆ ಅದೇ ಎಸ್‌ಐ ಜಾಯಿಂಟ್ ನೋವು, ಹೆಚ್ಚಾಗಿ ಒಂದೇ ಕಡೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆಂಟಿಬಯೋಟಿಕ್‌ ಕೋರ್ಸ್ ಪೂರ್ತಿ ಮಾಡಿದರೆ ವಾಸಿಯಾಗುತ್ತದೆ.

ಮೂರು, ಬೆನ್ನುಮೂಳೆಯ ಟಿಬಿ. ಸಂಜೆ ಜ್ವರ, ತೂಕ ಇಳಿಯುವುದು, ಬೆನ್ನಿನ ಒಂದೇ ಮಣಿ ಮುಟ್ಟಿದರೆ ಜೀವ ಹೋಗುವಂಥ ನೋವು. ಇಲ್ಲಿ ತಡ ಮಾಡಬಾರದು. ಕಾಯಿಲೆ ಯಾವುದೇ ಇರಲಿ, ಕಾಲಿನ ಶಕ್ತಿ ಕುಂದಿದರೆ, ಕೂರುವ ಜಾಗ ಜೋಮು ಹಿಡಿದರೆ, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.

ಹೆಜ್ಜೆ 3: ಸರಿಯಾದ ಡಾಕ್ಟರು, ಸರಿಯಾದ ಸ್ಕ್ಯಾನ್

ಇದನ್ನು ನೋಡುವವರು ರುಮಟಾಲಜಿಸ್ಟ್, ಅಂದರೆ ಕೀಲುಗಳ ಉರಿಯೂತದ ಕಾಯಿಲೆ ನೋಡುವ ಡಾಕ್ಟರು. ಮೂಳೆ ಡಾಕ್ಟರು ಬೇರೆ, ಇವರು ಬೇರೆ. ನಮ್ಮ ಜಿಲ್ಲೆಗಳಲ್ಲಿ ಮೊದಲು ಮೆಡಿಸಿನ್ ವಿಭಾಗಕ್ಕೆ ಹೋಗಬಹುದು, ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿ ರಕ್ತ, ಎಕ್ಸ್‌ರೇ ಮುಗಿಸಿ, ಒಂದು ಚೀಟಿ ಬರೆಸಿಕೊಂಡು ಬೆಂಗಳೂರಿಗೆ ಹೋದರೆ ಒಂದು ಓಡಾಟ ಉಳಿಯುತ್ತದೆ. ಸೇಂಟ್ ಜಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡಿ, ನರಸಾಪುರದ ಹತ್ತಿರ ಒಮ್ಮೆ, ಹೊಸಕೋಟೆ ಹತ್ತಿರ ಒಮ್ಮೆ ಎದ್ದು ನಿಲ್ಲಬೇಕಾಗುತ್ತದೆ, ಪಕ್ಕದವರನ್ನು ಎಬ್ಬಿಸುವುದು ರಗಳೆ.

ಸ್ಕ್ಯಾನ್ ವಿಷಯಕ್ಕೆ ಬರೋಣ, ದುಡ್ಡು ದಂಡ ಆಗುವುದು ಇಲ್ಲೇ. ಬೆನ್ನುನೋವು ಅಂದ ತಕ್ಷಣ ಸೊಂಟದ ಬೆನ್ನುಮೂಳೆಯ ಎಂಆರ್‌ಐ ಮಾಡಿಸುತ್ತಾರೆ. ಅದರಲ್ಲಿ ಎಸ್‌ಐ ಜಾಯಿಂಟ್ ಪೂರ್ತಿ ಬರುವುದೇ ಇಲ್ಲ. ಬರುವುದು ಏನಪ್ಪಾ ಅಂದರೆ "ಡಿಸ್ಕ್ ಬಲ್ಜ್" (ಡಿಸ್ಕ್ ಉಬ್ಬಿದೆ) ಅನ್ನುವ ಒಂದು ಸಾಲು. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನ್‌ನಲ್ಲೂ ಆ ಸಾಲು ಇರುತ್ತದೆ. ನನ್ನ ಮೊದಲ ಎಂಆರ್‌ಐ ಹೀಗೇ ಹಾಳಾಯಿತು. ಈ ಕಾಯಿಲೆಯ ಅನುಮಾನ ಇದ್ದರೆ "ಎಸ್‌ಐ ಜಾಯಿಂಟ್ ಎಂಆರ್‌ಐ ಬೇಕಾ ಸಾರ್" ಅಂತ ಬಾಯಿಬಿಟ್ಟು ಕೇಳಿ. ಎಕ್ಸ್‌ರೇ ಶುರುವಿನ ಎಷ್ಟೋ ವರ್ಷ ನಾರ್ಮಲ್ ಇರಬಹುದು, ಹಾಗಂತ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಮೂಳೆಯೊಳಗಿನ ಊತವನ್ನು ಎಂಆರ್‌ಐ ಮೊದಲೇ ತೋರಿಸುತ್ತದೆ.

ರಕ್ತದಲ್ಲಿ ಉರಿಯೂತ ಇದೆಯಾ ಅಂತ ತಿಳಿಯಲು ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ. ಇವೂ ಎಷ್ಟೋ ಜನಕ್ಕೆ ನಾರ್ಮಲ್ ಬರುತ್ತವೆ. ಇನ್ನೊಂದು ಎಚ್‌ಎಲ್‌ಎ-ಬಿ27, ಇದು ಹುಟ್ಟಿನಿಂದ ಬರುವ ಒಂದು ಗುರುತು. ಈ ಕಾಯಿಲೆಗೂ ಅದಕ್ಕೂ ನಂಟು ಇದೆ ಅಂತ 1973ರಲ್ಲಿ ಗೊತ್ತಾಯಿತು. ಪಾಸಿಟಿವ್ ಬಂದರೆ ಕಾಯಿಲೆ ಇದೆ ಅಂತಲ್ಲ, ಆ ಗುರುತು ಇರುವ ನೂರು ಜನರಲ್ಲಿ ಕಾಯಿಲೆ ಬರುವುದು ಬಹಳ ಅಂದರೆ ಐದಾರು ಜನಕ್ಕೆ. ನೆಗೆಟಿವ್ ಬಂದರೂ ಕಾಯಿಲೆ ಇರಬಹುದು. ನಿಮಗೆ ಪಾಸಿಟಿವ್ ಬಂತು ಅಂತ ಹೆದರಿ, ಆಡಿಕೊಂಡಿರುವ ಮಕ್ಕಳ ರಕ್ತ ಟೆಸ್ಟ್ ಮಾಡಿಸಲು ಓಡಬೇಡಿ.

ಹೆಜ್ಜೆ 4: ಮಾತ್ರೆ, ಇಂಜೆಕ್ಷನ್

ಮೊದಲ ಔಷಧಿ ಉರಿಯೂತ ಇಳಿಸುವ ನೋವಿನ ಮಾತ್ರೆಗಳೇ: ನ್ಯಾಪ್ರೊಕ್ಸೆನ್, ಇಂಡೊಮೆಥಾಸಿನ್, ಎಟೊರಿಕಾಕ್ಸಿಬ್ ಥರದವು. "ಪೇನ್‌ಕಿಲ್ಲರ್ ಅಲ್ವಾ, ಬೇಡ" ಅಂತ ಮೂಗು ಮುರಿಯಬೇಡಿ. ಈ ಕಾಯಿಲೆಯಲ್ಲಿ ಅವು ನೋವನ್ನು ಮರೆಸುವುದರ ಜೊತೆಗೆ ಉರಿಯನ್ನೂ ಇಳಿಸುತ್ತವೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಎರಡರಿಂದ ನಾಲ್ಕು ವಾರ ಬಿಡದೆ ತಗೊಂಡರೆ ಮಾತ್ರ ಕೆಲಸ ಮಾಡುತ್ತದೋ ಇಲ್ಲವೋ ಹೇಳಲು ಸಾಧ್ಯ. ಆದರೆ ಮೆಡಿಕಲ್ ಸ್ಟೋರಿನಿಂದ ನೀವೇ ತಂದು ನುಂಗುವುದು, ಎರಡು ಬಗೆಯ ಮಾತ್ರೆ ಒಟ್ಟಿಗೆ ತಗೊಳ್ಳುವುದು ಬೇಡ, ಹೊಟ್ಟೆ ಹುಣ್ಣು, ಬಿಪಿ, ಕಿಡ್ನಿ ಮೂರಕ್ಕೂ ಪೆಟ್ಟು. ಊಟ ಆದ ಮೇಲೆ ತಗೊಳ್ಳಿ, ಡಾಕ್ಟರು ಹೇಳಿದಾಗ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಮಾಡಿಸಿ.

ಸಲ್ಫಾಸಲಜಿನ್ ಅನ್ನುವ ಮಾತ್ರೆ ಮೊಣಕಾಲು, ಪಾದದ ಕೀಲು ಊದಿದವರಿಗೆ ಉಪಯೋಗ, ಬೆನ್ನಿಗೆ ಅಷ್ಟಾಗಿ ಇಲ್ಲ. ಸ್ಟೀರಾಯ್ಡ್ ಮಾತ್ರೆ ವರ್ಷಗಟ್ಟಲೆ ನುಂಗುವುದು ಈ ಕಾಯಿಲೆಗೆ ದಾರಿಯೇ ಅಲ್ಲ. ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಕಪ್ಪು ಪುಡಿ ತಗೊಂಡು ಎರಡೇ ದಿನಕ್ಕೆ ಹಾರಾಡುವ ಹಾಗಾದರೆ ಅನುಮಾನಪಡಿ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ.

ಮಾತ್ರೆಗೆ ಬಗ್ಗದಿದ್ದರೆ ಬಯಾಲಜಿಕ್ ಇಂಜೆಕ್ಷನ್. ಅಡಾಲಿಮುಮಾಬ್, ಎಟನರ್ಸೆಪ್ಟ್, ಸೆಕುಕಿನುಮಾಬ್ ಅಂತೆಲ್ಲ ನಾಲಿಗೆ ಹೊರಳದ ಹೆಸರು. 2014ರ ಕೊನೆಗೆ ಜೈಡಸ್ ಕಂಪನಿ ಅಡಾಲಿಮುಮಾಬ್‌ನಂಥದ್ದೇ ಔಷಧಿಯನ್ನು (ಬಯೋಸಿಮಿಲರ್) ನಮ್ಮ ದೇಶದಲ್ಲೇ ತಯಾರಿಸಿ ಬಿಟ್ಟ ಮೇಲೆ ಬೆಲೆ ಇಳಿಯುತ್ತಾ ಬಂತು, ಆದರೂ ಸಣ್ಣ ಖರ್ಚೇನಲ್ಲ. ಟೊಫಾಸಿಟಿನಿಬ್ ಥರದ ಮಾತ್ರೆಗಳೂ ಬಂದಿವೆ, ಬೀಡಿ ಸಿಗರೇಟ್ ಸೇದುವವರಿಗೆ, ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಯೋಚಿಸಿ ಕೊಡುತ್ತಾರೆ. ಇವೆಲ್ಲ ರೋಗ ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು. ಮೈಯಲ್ಲಿ ಮಲಗಿರುವ ಟಿಬಿ ಎದ್ದು ಕೂರಬಹುದು. ಶುರು ಮಾಡುವ ಮೊದಲು ಎದೆ ಎಕ್ಸ್‌ರೇ, ಟಿಬಿ ಟೆಸ್ಟ್, ಹೆಪಟೈಟಿಸ್ ಟೆಸ್ಟ್ ಆಗಲೇಬೇಕು. ಆಗಿಲ್ಲದಿದ್ದರೆ ನೀವೇ ಕೇಳಿ.

ಅಡಾಲಿಮುಮಾಬ್ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬೆಂಗಳೂರಿನಿಂದ ತರುವಾಗ ನಾನು ಸಣ್ಣ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ಐಸು ಇಂಜೆಕ್ಷನ್ನಿಗೆ ನೇರ ತಾಗದ ಹಾಗೆ ಮಧ್ಯೆ ಟವೆಲ್ ಹಾಕಿ, ತೊಡೆ ಮೇಲಿಟ್ಟುಕೊಂಡು ಬರುತ್ತೇನೆ. ಮನೆಯ ಫ್ರಿಜ್‌ನಲ್ಲಿ ಫ್ರೀಜರ್‌ಗೆ ಹಾಕಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡಬೇಕು. ಅಮ್ಮ ಒಂದು ಸಲ ಒಳ್ಳೆಯದಕ್ಕೇ ಅಂತ ಐಸ್ ಟ್ರೇ ಪಕ್ಕ ಇಟ್ಟಿದ್ದಳು. ಅವಳ ಮೇಲೆ ರೇಗಿದೆ, ಆಮೇಲೆ ಸಂಕಟ ಆಯಿತು, ಇಂಜೆಕ್ಷನ್ ಅಂತೂ ಹೋಯಿತು.

ಹೆಜ್ಜೆ 5: ದಿನಾ ಮೈ ಬಗ್ಗಿಸಿ

ಔಷಧಿ ಎಷ್ಟೇ ದುಬಾರಿ ಇದ್ದರೂ ಇದು ತಪ್ಪುವುದಿಲ್ಲ. ನನ್ನ ಕ್ರಮ ಹೀಗಿದೆ, ನಿಮ್ಮದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿ ಹೊಂದಿಸಿಕೊಳ್ಳಿ.

ಎಚ್ಚರ ಆದ ತಕ್ಷಣ ಎದ್ದು ಕೂರುವುದಿಲ್ಲ. ಹಾಸಿಗೆಯಲ್ಲೇ ಮೊಣಕಾಲು ಮಡಚಿ ಎಡಕ್ಕೆ ಹತ್ತು ಸಲ, ಬಲಕ್ಕೆ ಹತ್ತು ಸಲ ಹೊರಳಿಸುತ್ತೇನೆ. ಆಮೇಲೆ ಮಗ್ಗುಲಿಗೆ ತಿರುಗಿ ಕೈ ಊರಿ ಎದ್ದು ಬಿಸಿನೀರಿನ ಸ್ನಾನ. ಸ್ನಾನ ಆದ ಮೇಲೆ ಅಂಬೆಗಾಲಿಟ್ಟ ಮಗುವಿನ ಹಾಗೆ ನಿಂತು, ಬೆನ್ನನ್ನು ಬೆಕ್ಕಿನ ಥರ ಮೇಲಕ್ಕೆ ಉಬ್ಬಿಸುವುದು, ಕೆಳಕ್ಕೆ ಬಗ್ಗಿಸುವುದು. ನಂತರ ಹತ್ತು ದೀರ್ಘ ಉಸಿರು, ಪಕ್ಕೆಲುಬು ಅಗಲ ಆಗುವ ಹಾಗೆ. ಪಕ್ಕೆಲುಬಿನ ಕೀಲುಗಳೂ ಬಿಗಿಯುತ್ತವೆ, ಸೀನು ಬಂದರೆ ಗೋಡೆ ಹಿಡಿದುಕೊಳ್ಳುವವರಿಗೆ ನಾನು ಹೇಳುತ್ತಿರುವುದು ಅರ್ಥ ಆಗುತ್ತದೆ. ಸಂಜೆ ಹದಿನೈದು ನಿಮಿಷ ಬೋರಲು ಮಲಗುತ್ತೇನೆ, ಇದು ಬೆನ್ನು ಮುಂದಕ್ಕೆ ಬಾಗದಿರಲಿ ಅಂತ. ರಾತ್ರಿ ತೆಳು ದಿಂಬು. ಎರಡು ದಿಂಬು ಇಟ್ಟು ಮಲಗಿದರೆ ಕುತ್ತಿಗೆ ಅದೇ ಬಾಗಿನಲ್ಲಿ ನಿಂತುಬಿಡುತ್ತದೆ.

ಟೊಮೆಟೊ ಮಂಡಿಯಲ್ಲಿ ಕೂತಾಗ ಮುಕ್ಕಾಲು ಗಂಟೆಗೊಮ್ಮೆ ಫೋನ್ ಅಲಾರಂ. ಮೊದಲು ನಗುತ್ತಿದ್ದ ಹಮಾಲಿಗಳು ಈಗ "ಅಣ್ಣಾ, ಹೊಡೀತು, ಎದ್ದೇಳಿ" ಅಂತ ಅವರೇ ಎಬ್ಬಿಸುತ್ತಾರೆ. ಭಾನುವಾರ ಅಂತರಗಂಗೆ ಬೆಟ್ಟದ ಮೆಟ್ಟಿಲು, ನಿಧಾನಕ್ಕೆ. ಈಜು ಬಂದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಕಬಡ್ಡಿ ಬಿಟ್ಟೆ. ಬೀಡಿ ಸಿಗರೇಟ್ ಇದ್ದರೆ ಬಿಡಿ, ಹೊಗೆ ಈ ಕಾಯಿಲೆಯನ್ನು ಬೇಗ ಬೆಳೆಸುತ್ತದೆ.

ಊಟದ ಪಥ್ಯ? ಆಲೂಗಡ್ಡೆ ವಾಯು, ಅವರೆಕಾಳು ವಾಯು ಅಂತ ಎರಡು ಸೀಸನ್ ಹಿತಕಿದ ಬೇಳೆ ಸಾರನ್ನು ದೂರದಿಂದ ಮೂಸಿ ನೋಡಿ ಕಳೆದೆ. ನೋವು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಸಾರೂ ಹೋಯಿತು, ನೋವೂ ಉಳಿಯಿತು. ಮುದ್ದೆ ಉಣ್ಣಿ, ತೂಕ ಏರದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಖಂಡಿತ ಮಾಡಬಾರದ್ದು

ಉಳುಕು ತೆಗೆಸುವುದು. ಕಾಲು ಮೊದಲು ಬಂದು ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಹೋಗುತ್ತದೆ ಅಂತ ನನ್ನನ್ನೂ ಮುಳಬಾಗಿಲಿನ ಕಡೆ ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಆ ಅಜ್ಜಿ ಮೆತ್ತಗೆ ಮೂರು ಸಲ ತಾಗಿಸಿದರು, ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಲಟಕ್ ಅಂತ ಕುತ್ತಿಗೆ ತಿರುವುವುದು, ಬೆನ್ನ ಮೇಲೆ ಹತ್ತಿ ತುಳಿಯುವುದು ಅಪಾಯ. ಕೂಡಿಕೊಂಡ ಬೆನ್ನುಮೂಳೆ ನೋಡಲು ಗಟ್ಟಿ, ಒಳಗೆ ಟೊಳ್ಳು, ಸೀಮೆಸುಣ್ಣದ ಹಾಗೆ ಮುರಿಯುತ್ತದೆ. ಬಚ್ಚಲಲ್ಲಿ ಸಣ್ಣಗೆ ಜಾರಿ ಬಿದ್ದರೂ, ಆಮೇಲೆ ಹೊಸ ಥರದ ನೋವು ಬಂದರೆ, ಇದು ನನ್ನ ಹಳೆಯ ನೋವೇ ಅಂತ ಸುಮ್ಮನಿರದೆ ತೋರಿಸಿ. ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಹೋಗಬಹುದು, ಕಾಯಿಲೆಯ ಹೆಸರು ಹೇಳಿ ಸಿಟಿ ಸ್ಕ್ಯಾನ್ ಬೇಕಾ ಕೇಳಿ. ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಕುತ್ತಿಗೆ ಬಗ್ಗುವುದಿಲ್ಲ ಅಂತ ಮೊದಲೇ ಹೇಳಿ.

ಕಣ್ಣಿನ ವಿಷಯ ಇನ್ನೂ ಅರ್ಜೆಂಟು. ಒಂದೇ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಕಂಡರೆ ಚುಚ್ಚಿದ ಹಾಗಾಗಿ, ಪಿಸರು ಮಾತ್ರ ಇಲ್ಲ ಅಂದರೆ ಅದು ಮದ್ರಾಸ್ ಐ ಅಲ್ಲದೆ ಇರಬಹುದು. ಕಣ್ಣಿನೊಳಗಿನ ಉರಿಯೂತ, ಯುವೈಟಿಸ್. ಈ ಕಾಯಿಲೆಯವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಯಾವಾಗಲಾದರೂ ಒಮ್ಮೆ ಬರುತ್ತದೆ. ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹಾಕಿಕೊಂಡು ವಾರ ಕಾಯಬೇಡಿ, ಒಂದು ದಿನದೊಳಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಬೆನ್ನಿನ ಕಾಯಿಲೆಯ ಹೆಸರನ್ನೂ ಹೇಳಿ. ತಡವಾದರೆ ದೃಷ್ಟಿಗೇ ಕುತ್ತು.

ಹೆಜ್ಜೆ 6: ಅಳತೆ ಇಟ್ಟುಕೊಳ್ಳಿ

ಓಡಾಟ ತೀರಾ ಕುಗ್ಗಿದವರು ಜಿಲ್ಲಾಸ್ಪತ್ರೆಯಲ್ಲಿ ಅಂಗವಿಕಲತೆಯ ಪ್ರಮಾಣ ಅಳೆಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯಂಥ ಸೌಲಭ್ಯಕ್ಕೆ ಶೇ 40 ಇರಬೇಕು. ಉಳಿದವರಿಗೆ ಮನೆಯಲ್ಲೇ ಮಾಡುವ ಒಂದು ಅಳತೆ ಸಾಕು, ತಿಂಗಳಿಗೆ ಒಂದು ಸಲ.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ತಾಗಬೇಕು, ಕುಂಡಿ ತಾಗಬೇಕು, ಗಲ್ಲ ಮೇಲೆತ್ತಬಾರದು. ಈಗ ತಲೆಯ ಹಿಂಭಾಗವನ್ನು ಗೋಡೆಗೆ ತಾಗಿಸಲು ನೋಡಿ. ತಾಗದಿದ್ದರೆ ಮಧ್ಯದ ಸಂದನ್ನು ಯಾರಾದರೂ ಅಳೆದು ಬರೆದಿಡಲಿ, ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ ಒಯ್ಯಿರಿ. ನಮ್ಮ ಮನೆಯಲ್ಲಿ ಈ ಕೆಲಸ ಮಗನದು. ಸ್ಕೇಲ್ ಬೇಡ ಅಂತಾನೆ, ಬೆರಳು ತೂರಿಸಿ ನೋಡಿ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಾನೆ. ಅವನ ಬೆರಳು ವರ್ಷ ವರ್ಷ ದಪ್ಪ ಆಗುತ್ತಿರುವುದರಿಂದ ಲೆಕ್ಕ ಸ್ವಲ್ಪ ಏರುಪೇರು, ಹಾಗಾಗಿ ಅವನು ಹೋದ ಮೇಲೆ ನಾನು ಸ್ಕೇಲ್‌ನಲ್ಲೂ ಅಳೆಸುತ್ತೇನೆ, ಹೆಂಡತಿ ಕೈಲಿ. ಈ ತಿಂಗಳು ಮೂರು ಸೆಂಟಿಮೀಟರ್. ಹೋದ ವರ್ಷವೂ ಅಷ್ಟೇ ಇತ್ತು.